ಯಾವ ಲೈನ್ ಮಾರಾಯ್ರೆ?



ಇವತ್ತು ನಾನು ಮಾತಾಡಲು ಹೊರಟಿರುವುದು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ. ಸಣ್ಣ ಪದ, ಎಲ್ಲರಿಗೂ ಗೊತ್ತಿರುವಂಥದ್ದು: ಲೈನ್. ಇಂಗ್ಲಿಷಿನ ಒಂದಕ್ಷರ ಬಾರದವರೂ ದಿನಕ್ಕೆ ಹತ್ತು ಸಲ ಹೇಳುವ ಪದ. ಇದನ್ನು ಹೇಳಲು ಸಿದ್ಧಕಟ್ಟೆಯನ್ನು ಆರಿಸಿಕೊಂಡಿದ್ದೇನೆ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ಈ ಪೇಟೆಗೆ ಎರಡೂ ಕಡೆಯ ಮಾತು ಬರುತ್ತದೆ. ವೇಣೂರು, ಪುಂಜಾಲಕಟ್ಟೆಗಳ ಮೂಲಕ ಬೆಳ್ತಂಗಡಿಯ ಮಾತೂ ಬಂದು ಸೇರುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಶಾಲೆ, ಪಂಚಾಯತ್, ಸೊಸೈಟಿಗಳಲ್ಲಿ ಕನ್ನಡ. ಯಾವ ಭಾಷೆ ಆಡಿದರೂ ಲೈನ್ ಮಾತ್ರ ಲೈನೇ.

ಬೆಳಿಗ್ಗೆ ಶಾಲೆಯ ಹೊತ್ತಿಗೆ ಪೇಟೆಯಲ್ಲಿ ನಿಂತು ಸ್ವಲ್ಪ ಕಿವಿ ಕೊಡಿ. ಬಸ್ಸಿಗೆ ಕಾಯುವವರು ‘ಈ ಲೈನಿನಲ್ಲಿ ಬಸ್ಸೇ ಕಡಿಮೆ’ ಎನ್ನುತ್ತಾರೆ. ಅಂಗಡಿಯವರು ‘ಇವತ್ತು ಬ್ರೆಡ್ಡಿನ ಲೈನ್ ಬರಲೇ ಇಲ್ಲ’ ಎನ್ನುತ್ತಾರೆ. ತೋಟದಿಂದ ಬಂದವರು ‘ರಾತ್ರಿ ಮರ ಬಿದ್ದು ಲೈನ್ ಕಟ್’ ಎನ್ನುತ್ತಾರೆ. ಶಾಲೆಯ ಅಂಗಳದಲ್ಲಿ ಟೀಚರು ಮಕ್ಕಳನ್ನು ಲೈನಲ್ಲಿ ನಿಲ್ಲಿಸುತ್ತಾರೆ. ಚಾ ಕುಡಿಯುತ್ತ ಕೂತ ಹಿರಿಯರು ‘ನಿಮ್ಮ ಸಣ್ಣ ಮಗ ಈಗ ಯಾವ ಲೈನಲ್ಲಿ?’ ಎಂದು ವಿಚಾರಿಸುತ್ತಾರೆ. ಕಾಲೇಜು ಹುಡುಗರ ಲೈನ್ ಬೇರೆಯೇ, ಅದಕ್ಕೆ ಆಮೇಲೆ ಬರುತ್ತೇನೆ. ಇಷ್ಟು ಲೈನ್‌ಗಳು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ. ಆದರೂ ‘ಯಾವ ಲೈನ್ ಮಾರಾಯ್ರೆ?’ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನನಗೆ ಸೋಜಿಗ ಅನ್ನಿಸುವುದು ಇದು.

ಗೊಂದಲ ಯಾಕಾಗುವುದಿಲ್ಲ? ಹೆಸರು ಇಂಗ್ಲಿಷಿನದ್ದಾದರೂ ಕ್ರಿಯಾಪದ ನಮ್ಮದು, ಅದಕ್ಕೆ. ಲೈನ್ ಎಳೆದರು ಅಂದರೆ ಕರೆಂಟಿನವರು. ಲೈನ್ ಕಟ್ಟಿದರು ಅಂದರೆ ಗೋಡೆ ಕಟ್ಟುವ ಮೇಸ್ತ್ರಿ. ಲೈನ್ ಸಿಗಲಿಲ್ಲ ಅಂದರೆ ಫೋನು. ಲೈನ್ ಹೊಡೆದ ಅಂದರೆ ಪ್ರಾಯದ ಹುಡುಗ. ಇನ್ನೂ ಚಂದ ನೋಡಿ: ಲೈನಿಗೆ ಹೋದ ಅಂದರೆ ಸಾಮಾನು ಮಾರುವ ಸೇಲ್ಸ್‌ಮ್ಯಾನ್, ಲೈನಿಗೆ ಬಂದ ಅಂದರೆ ಪೋಕರಿತನ ಬಿಟ್ಟು ದಾರಿಗೆ ಬಂದವನು. ಹೋಗುವುದಕ್ಕೂ ಬರುವುದಕ್ಕೂ ಇಷ್ಟು ಅಂತರ! ‘ಲೈನಿಗೆ’ ಎಂಬಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಅರ್ಥ ಪೂರ್ತಿ ಕ್ರಿಯಾಪದದ ಕೈಯಲ್ಲಿದೆ. ಹೀಗಿರುವಾಗ ಕನ್ನಡದೊಳಗೆ ಇಂಗ್ಲಿಷ್ ನುಗ್ಗಿತು ಎಂದು ಬೊಬ್ಬೆ ಹೊಡೆಯುವವರ ಜೊತೆ ಸೇರಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ನುಗ್ಗಿದ ಪದವನ್ನು ನಾವು ಹೇಳಿದ ಕೆಲಸಕ್ಕೆ ಹಚ್ಚಿದ್ದೇವೆ.

ಪದದ ಊರು ಯಾವುದು ಎಂದು ಕೇಳಿದರೆ ಲ್ಯಾಟಿನಿನ ಲಿನಿಯ. ಅದರ ಹಿಂದೆ ಲಿನಮ್, ಎಂದರೆ ಅಗಸೆ ಗಿಡ. ಅಗಸೆ ನಾರಿನ ದಾರವೇ ಮೊದಲ ಲೈನ್. ಲಿನನ್ ಬಟ್ಟೆಯೂ ಅದೇ ಕುಟುಂಬದ್ದು. ಗೆರೆ, ಸಾಲು, ಹಾದಿ ಎಂಬ ಅರ್ಥಗಳೆಲ್ಲ ಆಮೇಲೆ ಬಂದವು. ಆ ಹಳೆಯ ಅರ್ಥವನ್ನು ಚಾಚೂ ತಪ್ಪದೆ ಉಳಿಸಿಕೊಂಡವರು ನಮ್ಮ ಮೇಸ್ತ್ರಿಗಳು. ಕೆಂಪುಕಲ್ಲಿನ ಗೋಡೆ ಏಳುವುದನ್ನು ನೋಡಿ. ಎರಡು ಮೂಲೆಗಳಲ್ಲಿ ಒಂದೊಂದು ಕಲ್ಲು ಕೂರಿಸಿ, ರಸಮಟ್ಟ ಇಟ್ಟು ನೋಡಿ, ನಡುವೆ ನೈಲಾನ್ ದಾರ ಬಿಗಿಯುತ್ತಾರೆ. ಬೆರಳಲ್ಲಿ ಮೀಟಿದರೆ ಟೊಂಯ್ ಎನ್ನಬೇಕು, ಅಷ್ಟು ಬಿಗಿ. ‘ಲೈನ್ ಕಟ್ಟಿ ಆಯ್ತು, ಕಲ್ಲು ಕೊಡಿ’ ಎನ್ನುತ್ತಾರೆ. ಮತ್ತೆ ಬರುವ ಒಂದೊಂದು ಕಲ್ಲಿನ ಮೋರೆಯೂ ಆ ದಾರಕ್ಕೆ ತಾಗಿಯೂ ತಾಗದ ಹಾಗೆ ನಿಲ್ಲಬೇಕು. ತಾಗಿದರೆ ದಾರ ಹೊರಕ್ಕೆ ತಳ್ಳಿ ಮುಂದಿನ ಕಲ್ಲುಗಳೆಲ್ಲ ಅದರ ಹಿಂದೆಯೇ ಹೋಗುತ್ತವೆ. ರೋಮನರು ಕಟ್ಟಿದ್ದು ಅಗಸೆ ನಾರು, ನಮ್ಮವರದ್ದು ನೈಲಾನು. ವ್ಯತ್ಯಾಸ ಅಷ್ಟೇ.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥದ ಪದ ಯಾವುದು ಎಂಬ ಚರ್ಚೆ ನಿಘಂಟುಕಾರರಲ್ಲಿ ನಡೆದೇ ಇದೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಬಹಳ ಕಾಲ ‘ಸೆಟ್’ ಮುಂದಿತ್ತು. ಈಗ ‘ರನ್’ ಎಂಬ ಕ್ರಿಯಾಪದವೇ 645 ಅರ್ಥಗಳೊಂದಿಗೆ ಮುಂದಿದೆಯಂತೆ. ಇರಲಿ. ನಮ್ಮಲ್ಲಿ ರನ್ ಕ್ರಿಕೆಟ್ಟಿನಿಂದ ಆಚೆ ಹೆಚ್ಚು ಓಡಲಿಲ್ಲ. ಸಿದ್ಧಕಟ್ಟೆಯಲ್ಲಿ ಕೂತು ನಿಘಂಟು ಮಾಡುವುದಿದ್ದರೆ ಗೆಲ್ಲುವುದು ಲೈನ್.

ಅದರಲ್ಲೂ ಇಂಗ್ಲಿಷರಿಗೇ ಗೊತ್ತಿಲ್ಲದ ಒಂದು ಅರ್ಥ ನಮ್ಮ ಕರಾವಳಿಯಲ್ಲಿದೆ: ಲೈನ್‌ಸೇಲ್. ಲಂಡನ್ನಿನಲ್ಲಿ ಹೋಗಿ ‘ಐ ಆ್ಯಮ್ ಇನ್ ಲೈನ್ ಸೇಲ್’ ಎಂದರೆ ಹಗ್ಗ ಮಾರುವವನೋ ಎಂದು ಕೇಳಿಯಾರು. ನಮ್ಮ ಪತ್ರಿಕೆಗಳ ಸಣ್ಣ ಜಾಹೀರಾತಿನಲ್ಲಿ ‘ಲೈನ್‌ಸೇಲ್‌ಗೆ ಹುಡುಗರು ಬೇಕಾಗಿದ್ದಾರೆ, ಡ್ರೈವಿಂಗ್ ತಿಳಿದಿರಬೇಕು’ ಎಂದಿದ್ದರೆ ಯಾರಿಗೂ ವಿವರಣೆ ಬೇಡ. ಮಂಗಳೂರಿನಿಂದಲೋ ಮೂಡುಬಿದಿರೆಯಿಂದಲೋ ಒಂದು ಸಣ್ಣ ವ್ಯಾನ್ ಹೊರಡುತ್ತದೆ. ಒಳಗೆ ಬನ್ನು, ರಸ್ಕು, ಚಿಪ್ಸು, ಊದುಬತ್ತಿ, ಉಪ್ಪಿನಕಾಯಿ, ಬೆಂಕಿಪೆಟ್ಟಿಗೆ, ಸಾಬೂನು. ಸೋಮವಾರ ಒಂದು ದಿಕ್ಕು, ಮಂಗಳವಾರ ಇನ್ನೊಂದು. ರಾಯಿ, ಸಂಗಬೆಟ್ಟು, ಕುಕ್ಕಿಪಾಡಿ, ಹೊಕ್ಕಾಡಿಗೋಳಿ ಎಂದು ಅಂಗಡಿಯಿಂದ ಅಂಗಡಿಗೆ ನಿಲ್ಲುತ್ತದೆ. ವ್ಯಾನಿನ ಹಿಂದಿನ ಬಾಗಿಲು ತೆಗೆಯುವ ಸದ್ದಿಗೇ ಅಂಗಡಿಯವರಿಗೆ ಯಾರು ಬಂದರೆಂದು ಗೊತ್ತಾಗುತ್ತದೆ.

‘ಎಷ್ಟು ಇಡ್ಬೇಕು ಅಣ್ಣ?’

‘ಎಂತ ಇಡುದು ಮಾರಾಯ, ಹೋದ ವಾರದ್ದೇ ಉಂಟು ಅಲ್ಲಿ.’

‘ರಸ್ಕ್ ಖಾಲಿ ಆಗಿದೆಯಲ್ಲ, ನಾಲ್ಕು ಪ್ಯಾಕೆಟ್ ಇಡ್ತೇನೆ. ಬನ್ ಹಾಳಾದ್ದು ಕೊಡಿ, ರಿಟರ್ನ್ ತಕೊಳ್ತೇನೆ.’

ಅವನು ಮಾತಾಡುತ್ತಲೇ ಭರಣಿಗಳ ಸಂದಿಯಲ್ಲಿ ಕಣ್ಣಾಡಿಸಿ ಬೇರೆ ಕಂಪೆನಿಯವ ಏನು ಇಟ್ಟು ಹೋಗಿದ್ದಾನೆ ಎಂದು ನೋಡಿರುತ್ತಾನೆ. ಹೋದ ವಾರದ ಬಿಲ್ಲಿನ ದುಡ್ಡು ತೆಗೆದುಕೊಂಡು, ಈ ವಾರದ್ದನ್ನು ಸಾಲ ಬರೆದು ಹೊರಡುತ್ತಾನೆ. ಒಂದು ಬಿಲ್ಲು ಯಾವಾಗಲೂ ಹಿಂದೆ ಉಳಿದಿರಬೇಕು. ಅದೇ ನಂಬಿಕೆಯ ಕೊಂಡಿ. ವರ್ಷಗಟ್ಟಲೆ ಹೀಗೆ ಓಡಾಡಿದ ಮೇಲೆ ಆ ಲೈನಿಗೂ ಒಂದು ಬೆಲೆ ಬರುತ್ತದೆ. ‘ಲೈನ್ ಸಮೇತ ಗಾಡಿ ಕೊಡುವುದಿದೆ’ ಎನ್ನುತ್ತಾರೆ. ಅಂಗಡಿಗಳು ಅವನವಲ್ಲ, ರಸ್ತೆ ಅವನದಲ್ಲ; ಆದರೂ ಕೊಡಲು ಅವನ ಹತ್ತಿರ ಏನೋ ಇದೆ. ಯಾವ ಅಂಗಡಿಗೆ ಏನು ಹೋಗುತ್ತದೆ, ಯಾರು ಮಾತಿಗೆ ನಿಲ್ಲುತ್ತಾರೆ, ಯಾರು ನಾಳೆ ಬಾ ಎನ್ನುತ್ತಾರೆ ಎಂಬ ತಿಳಿವಳಿಕೆಗೇ ಲೈನ್ ಎಂದು ಹೆಸರು. ಈ ಅರ್ಥ ಲ್ಯಾಟಿನಿನಿಂದ ಬಂದದ್ದಲ್ಲ, ನಮ್ಮ ಅಂಗಡಿ ಕಟ್ಟೆಯಲ್ಲೇ ಹುಟ್ಟಿದ್ದು.

ಪಿಗ್ಮಿ ಸಂಗ್ರಹಿಸುವವರದ್ದೂ ಲೈನೇ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಈ ಪಿಗ್ಮಿ ಠೇವಣಿಯನ್ನು ಶುರು ಮಾಡಿತು. ಏಜೆಂಟ್ ಮನೆ ಮನೆಗೆ, ಅಂಗಡಿ ಅಂಗಡಿಗೆ ಬಂದು ಚಿಲ್ಲರೆ ದುಡ್ಡನ್ನು ಲೆಕ್ಕಕ್ಕೆ ಹಾಕುವ ಕ್ರಮ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಸೊಸೈಟಿಗಳ ಪಿಗ್ಮಿಯವರು ಈಗಲೂ ಚೀಲ ಸಿಕ್ಕಿಸಿಕೊಂಡು ಲೈನಿಗೆ ಹೊರಡುತ್ತಾರೆ. ಪೇಪರ್ ಹಾಕುವ ಹುಡುಗನದ್ದೂ ಲೈನ್. ಹಾಲಿನ ಲಾರಿಗೆ ಮಾತ್ರ ರೂಟು. ಶಾಲೆಯ ಬಸ್ಸಿಗೂ ರೂಟು. ಇದೇನು ಭೇದ ಎಂದು ನಾನು ಯೋಚಿಸಿದ್ದುಂಟು. ಯಾರೋ ಆಫೀಸಿನಲ್ಲಿ ಕೂತು ಕಾಗದದ ಮೇಲೆ ಹಾಕಿಕೊಟ್ಟದ್ದು ರೂಟು. ನಡೆದು ನಡೆದು ತಾನೇ ಮಾಡಿಕೊಂಡದ್ದು ಲೈನು. ನನ್ನ ಅಂದಾಜು ಇದು, ಒಪ್ಪದಿದ್ದರೆ ಬಿಡಿ.

ಬಸ್ಸಿನದು ಇವೆರಡರ ನಡುವೆ. 1914ರಲ್ಲಿ ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿಪಿಸಿ, ಮೋಟಾರು ಸಂಚಾರಕ್ಕೆ ಇಳಿದಂದಿನಿಂದ ಈ ಜಿಲ್ಲೆಯದ್ದು ಖಾಸಗಿ ಬಸ್ಸುಗಳ ಚರಿತ್ರೆ. ಬಸ್ಸಿಗೆ ಪರವಾನಗಿ ಕೊಡುವ ಸರಕಾರ ರೂಟ್ ಪರ್ಮಿಟ್ ಎನ್ನುತ್ತದೆ, ಬಸ್ಸಿನವರು ಬಿ.ಸಿ.ರೋಡ್–ಮೂಡುಬಿದಿರೆ ಲೈನ್ ಎನ್ನುತ್ತಾರೆ. ದಿನವೂ ಓಡುವುದು ಲೈನ್ ಬಸ್ಸು, ಮದುವೆಗೆ ಹೋಗುವುದು ಸ್ಪೆಷಲ್. ಅಂದ ಹಾಗೆ ಬಿ.ಸಿ.ರೋಡ್ ಅಂದರೆ ಬಂಟ್ವಾಳ ಕ್ರಾಸ್ ರೋಡ್. ಕ್ರಾಸ್ ಎಂಬ ಇಂಗ್ಲಿಷ್ ಪದದ ಮೊದಲಕ್ಷರವನ್ನೇ ಹೆಸರಾಗಿ ಮಾಡಿಕೊಂಡ ಊರು ಪಕ್ಕದಲ್ಲಿರುವಾಗ ಲೈನಿನ ಬಗ್ಗೆ ತಕರಾರು ಎತ್ತುವುದು ಹೇಗೆ?

ನಗುವಂಥದ್ದಲ್ಲದ ಒಂದು ಲೈನೂ ಇದೆ. ಹಿಂದೆ ಬಂಟ್ವಾಳ, ಬೆಳ್ತಂಗಡಿ ಕಡೆಯ ಬಡ ಕುಟುಂಬಗಳು ಕೆಲಸಕ್ಕೆಂದು ಘಟ್ಟ ಹತ್ತುತ್ತಿದ್ದವು. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಲೈನ್ ಮನೆ. ಒಂದೇ ಉದ್ದ ಮಾಡು, ಒಂದು ಗೋಡೆಯ ಆಚೆ ಒಂದು ಸಂಸಾರ, ಈಚೆ ಒಂದು ಸಂಸಾರ. ಸಿಪಾಯಿಗಳ ಬಿಡಾರದ ಸಾಲಿಗೆ ಬ್ರಿಟಿಷರು ಲೈನ್ಸ್ ಎನ್ನುತ್ತಿದ್ದರು. ತೋಟದ ಮಾಲಿಕರು ಅದನ್ನೇ ಆಳುಗಳ ಬಿಡಾರಕ್ಕೆ ಇಟ್ಟರು. ‘ಲೈನಿನವರು’ ಎಂದರೆ ಬಂಗಲೆಯವರಲ್ಲ ಎಂದು ಅರ್ಥ. ಒಂದು ಪದದೊಳಗೆ ಮೇಲು ಕೀಳು ಎಷ್ಟು ಸಲೀಸಾಗಿ ಕೂತುಬಿಡುತ್ತದೆ ನೋಡಿ. ಬಾಡಿಗೆಗೆಂದು ಸಾಲಾಗಿ ಕಟ್ಟಿದ ಮನೆಗಳಿಗೆ ಇವತ್ತಿಗೂ ಅದೇ ಹೆಸರು.

ಹುದ್ದೆ, ಕಸುಬಿನ ಲೈನ್ ಎಲ್ಲರಿಗೂ ಗೊತ್ತು: ಹೋಟೆಲ್ ಲೈನ್, ಬಿಲ್ಡಿಂಗ್ ಲೈನ್, ಮೆಡಿಕಲ್ ಲೈನ್. ಮುಂಬೈಗೆ ಹೋದವರಲ್ಲಿ ಹೆಚ್ಚಿನವರದ್ದು ಹೋಟೆಲ್ ಲೈನೇ ಆಗಿತ್ತು. ಆಟದ ಬಯಲಿನಲ್ಲಿ ಬೇರೆ ಸಂಗತಿ. ಕಬಡ್ಡಿ ಅಂಕಣಕ್ಕೆ ಸುಣ್ಣದ ಪುಡಿ ಚೆಲ್ಲುವಾಗ ‘ನಡುಗೆರೆ ಸರಿಯಾಗಿ ಹಾಕು’ ಎನ್ನುತ್ತಾರೆ. ಆಟ ಶುರುವಾದ ಮೇಲೆ ‘ಬೋನಸ್ ಲೈನ್ ಮುಟ್ಟಿದ’ ಎಂದು ಜಗಳ. ಮಣ್ಣಿನಲ್ಲಿ ಮೊದಲಿನಿಂದ ಇದ್ದದ್ದು ಗೆರೆ, ನಿಯಮ ಪುಸ್ತಕದೊಟ್ಟಿಗೆ ಬಂದದ್ದು ಲೈನ್.

ಇನ್ನು ಕಾಲೇಜು ಹುಡುಗರ ಲೈನ್. ತುಳುವಿನಲ್ಲಿ ‘ಲೈನ್ ಪಾಡುನಿ’, ಕನ್ನಡದಲ್ಲಿ ‘ಲೈನ್ ಹೊಡೆಯುವುದು’. ಬಸ್‌ಸ್ಟ್ಯಾಂಡಿನಲ್ಲಿ ಕೂದಲು ಬಾಚಿಕೊಳ್ಳುವುದರಿಂದ ಮೊದಲ್ಗೊಂಡು ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವ ತನಕ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತದೆ. ಹುಡುಗಿಗೆ ಇಷ್ಟವಿಲ್ಲದೆಯೂ ಮುಂದುವರಿಸುವುದಕ್ಕೂ ಇದೇ ಹೆಸರು ಹೇಳಿ ತಮಾಷೆ ಮಾಡುತ್ತಾರೆ. ಅದು ತಮಾಷೆಯಲ್ಲ, ಉಪದ್ರ, ಹಾಗೆಯೇ ಹೇಳಬೇಕು.

ಫೋನಿನ ಲೈನಿಗೆ ವಯಸ್ಸಾಯಿತು. ಗಲ್ಫಿನಿಂದ ಬರುವ ಕರೆಗೆ ನೆರೆಮನೆಯಲ್ಲಿ ಹೋಗಿ ಕಾಯುತ್ತಿದ್ದ ಕಾಲದಲ್ಲಿ, ಮಳೆಗಾಲ ಬಂತೆಂದರೆ ‘ಲೈನ್ ಡೆಡ್’ ಎಂಬುದು ಎಲ್ಲರ ಬಾಯಲ್ಲಿ. ಈಗ ಕಿಸೆಯಲ್ಲಿರುವ ಮೊಬೈಲಿಗೆ ತಂತಿಯೇ ಇಲ್ಲ, ಆದರೂ ‘ಸ್ವಲ್ಪ ಲೈನಲ್ಲಿರಿ’ ಎನ್ನುತ್ತೇವೆ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರ್ 11ರಂದು. ಆಗ ಕೇಳುಗರು ಬರೆಯುತ್ತಿದ್ದದ್ದು ಕಾರ್ಡು. ಈಗ ಫೋನ್-ಇನ್ ಕಾರ್ಯಕ್ರಮಗಳಲ್ಲಿ ‘ಯಾರು ಲೈನಲ್ಲಿದ್ದೀರಿ?’ ಎಂಬ ಮಾತು ಪದ್ಯದ ಪಲ್ಲವಿಯಷ್ಟು ಸಲ ಬರುತ್ತದೆ.

ಕೊನೆಗೆ ಕರೆಂಟಿನ ಲೈನಿಗೆ ಬರೋಣ, ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಮಾತಾಡಬೇಕು. ಕರೆಂಟಿನ ಇಲಾಖೆ 2002ರಲ್ಲಿ ಇಲ್ಲಿ ಮೆಸ್ಕಾಂ ಕಂಪೆನಿ ಆಯಿತು, ಆದರೂ ಹಿರಿಯರ ಬಾಯಲ್ಲಿ ಇನ್ನೂ ಹಳೆಯ ಕೆಇಬಿ. ಲೈನ್‌ಮ್ಯಾನ್‌ಗೆ ಇಲಾಖೆ ಪವರ್‌ಮ್ಯಾನ್ ಎಂದು ಹೆಸರಿಟ್ಟಿತು, ಊರಿನವರಿಗೆ ಅವರು ಲೈನ್‌ಮ್ಯಾನೇ. ಸರಕಾರಿ ಪ್ರಕಟಣೆಗಳಲ್ಲಿ ‘ವಿದ್ಯುತ್ ಮಾರ್ಗ’ ಎಂದು ಬರುತ್ತದೆ. ಘಟ್ಟದ ಮೇಲೆ ಅದು ಸರಿಯಿರಬಹುದು. ಇಲ್ಲಿ ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಮಾರ್ಗ ಅಂದರೆ ಟಾರು ಹಾಕಿದ ರಸ್ತೆ. ‘ಮಾರ್ಗದ ಕೆಳಗೆ ನಿಲ್ಲಬೇಡಿ’ ಎಂದು ಬೋರ್ಡು ಹಾಕಿದರೆ ಓದಿದವರು ಮೋರಿ ಹುಡುಕಬೇಕಾದೀತು. ಉಡುಪಿಯಿಂದ ಕಾಸರಗೋಡಿಗೆ ಎಳೆಯುವ 400 ಕೆವಿ ಲೈನಿನ ವಿರುದ್ಧ ಬಂಟ್ವಾಳ, ಮೂಡುಬಿದಿರೆ ಕಡೆಯ ಕೃಷಿಕರು ಪ್ರತಿಭಟಿಸಿದಾಗಲೂ ಅವರ ಬಾಯಲ್ಲಿದ್ದದ್ದು ಲೈನ್ ಎಂಬ ಪದವೇ. ಅಡಿಕೆ, ತೆಂಗು ಕಡಿಯಬೇಕಾಗಿ ಬಂದವನಿಗೆ ಆ ಎರಡಕ್ಷರದ ಭಾರ ಬೇರೆ.

ಕರೆಂಟಿನವರಲ್ಲಿ ‘ಲೈನ್ ಕ್ಲಿಯರ್’ ಎಂದೊಂದು ಮಾತಿದೆ, ಚುಟುಕಾಗಿ ಎಲ್‌ಸಿ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಹೇಳಿ ಆ ಫೀಡರ್ ಬಂದ್ ಮಾಡಿಸಬೇಕು. ಅಲ್ಲಿಂದ ಎಲ್‌ಸಿ ಕೊಡಬೇಕು, ಅದು ಪುಸ್ತಕದಲ್ಲಿ ದಾಖಲಾಗಬೇಕು. ಆಮೇಲೆ ತಂತಿಗೆ ಅರ್ತಿಂಗ್ ಮಾಡಿ ಕೈ ಹಾಕಬೇಕು. ಕೆಲಸ ಮುಗಿಸಿ ಕೆಳಗಿಳಿದು ಎಲ್‌ಸಿ ಹಿಂದಕ್ಕೆ ಕೊಡುವ ತನಕ ಸ್ವಿಚ್ಚು ಹಾಕುವಂತಿಲ್ಲ. ಲೈನಿನ ಇಷ್ಟು ಅರ್ಥಗಳ ನಡುವೆ ಇದೊಂದಕ್ಕೆ ಮಾತ್ರ ಎರಡನೇ ಅರ್ಥವಿಲ್ಲ, ಇರಲೂ ಕೂಡದು. ಅರ್ಥ ತಪ್ಪಿದರೆ ಮನುಷ್ಯ ಹೋದ.

ನಾವು ತಪ್ಪುವುದು ಇಲ್ಲೇ. ಮನೆಯಲ್ಲಿ ದೀಪ ಆರಿತು ಅಂದಕೂಡಲೇ ‘ಲೈನ್ ಇಲ್ಲ’ ಎಂದುಬಿಡುತ್ತೇವೆ. ದೀಪ ಇಲ್ಲದಿರುವುದು ಒಂದು, ತಂತಿಯಲ್ಲಿ ಕರೆಂಟ್ ಇಲ್ಲದಿರುವುದು ಇನ್ನೊಂದು. ಮೂರು ಫೇಸಿನಲ್ಲಿ ಒಂದು ಹೋಗಿ ಎರಡು ಉಳಿದಿರಬಹುದು. ಒಣ ನೆಲಕ್ಕೆ, ಕೆಂಪುಕಲ್ಲಿನ ಪಾದೆಗೆ ಬಿದ್ದ ತಂತಿಯಲ್ಲಿ ಫೀಡರ್ ಟ್ರಿಪ್ ಆಗದೆಯೂ ಕರೆಂಟ್ ಹರಿಯುತ್ತಿರಬಹುದು. ಟ್ರಿಪ್ ಆದದ್ದನ್ನು ಸಬ್‌ಸ್ಟೇಷನ್ನಿನವರು ಮತ್ತೆ ಚಾರ್ಜ್ ಮಾಡಿ ನೋಡುವುದೂ ಉಂಟು. ಯಾರದೋ ಮನೆಯ ಜನರೇಟರಿನ ಕರೆಂಟು ತಪ್ಪು ವಯರಿಂಗಿನಿಂದ ಹಿಂದಕ್ಕೆ ಬಂದಿರಬಹುದು.

ಅಡಿಕೆ ಕೊಯ್ಯುವವರಿಗೆ ಇನ್ನೊಂದು ಮಾತು. ಮರ ಹತ್ತುವವರು ಕಡಿಮೆಯಾಗಿ ಈಗ ಎಲ್ಲ ಕಡೆ ಉದ್ದದ ದೋಟಿ ಬಂದಿದೆ. ಅಲ್ಯುಮಿನಿಯಂ ದೋಟಿಯಲ್ಲಿ ಕರೆಂಟ್ ಹರಿಯುತ್ತದೆಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿ ಕಪ್ಪಗೆ, ಹಗುರವಾಗಿ, ಪ್ಲಾಸ್ಟಿಕ್ಕಿನ ಹಾಗೆ ಕಾಣುವುದರಿಂದ ಅದಕ್ಕೇನೂ ಆಗದು ಎಂಬ ಧೈರ್ಯ ಹಲವರಿಗಿದೆ. ಹಾಗಲ್ಲ, ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಅದರ ಹತ್ತಿರ ದೋಟಿ ಎತ್ತಬೇಡಿ. ಅಲ್ಲಿನ ಕೊನೆ ಕೊಯ್ಯಲೇಬೇಕಿದ್ದರೆ ಮೊದಲು ಮೆಸ್ಕಾಂ ಶಾಖಾ ಕಚೇರಿಗೆ ಹೇಳಿ, ಲೈನ್ ಆಫ್ ಮಾಡಿಸಿಕೊಂಡು ಕೊಯ್ಯಿರಿ.

ಮಳೆಗಾಲದಲ್ಲಿ ತಂತಿ ತುಂಡಾಗಿ ಬಿದ್ದದ್ದು ಕಂಡರೆ, ಮನೆಯಲ್ಲಿ ಕರೆಂಟ್ ಇರಲಿ ಇಲ್ಲದಿರಲಿ, ಹತ್ತಿರ ಹೋಗಬೇಡಿ. ಕೋಲಿನಿಂದ ಸರಿಸಲೂ ಬೇಡಿ. ದನಕರು, ಮಕ್ಕಳು ಆ ಕಡೆ ಹೋಗದಂತೆ ಒಬ್ಬರು ದೂರದಲ್ಲಿ ಕಾವಲು ನಿಲ್ಲಿ. ಇನ್ನೊಬ್ಬರು 1912ಕ್ಕೆ ಫೋನ್ ಮಾಡಿ. ಊರಿನ ಹೆಸರು ಹೇಳಿ, ಹತ್ತಿರದ ಕಂಬದ ಅಥವಾ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವ ನಂಬರ್ ದೂರದಿಂದಲೇ ಓದಲು ಸಿಕ್ಕಿದರೆ ಅದನ್ನೂ ಹೇಳಿ. ಲೈನ್‌ಮ್ಯಾನ್ ಬಂದು ಸರಿಯಿದೆ ಎನ್ನುವ ತನಕ ಜಾಗ ಬಿಟ್ಟು ಕದಲಬೇಡಿ.